ಬೇಸಿಗೆಯ ಘಾಟಿಯಲ್ಲಿ ಪಿಕಪ್: ಎಷ್ಟು ಬಿಸಿ ಸರಿ, ಎಷ್ಟು ಬಿಸಿ ಅಪಾಯ?

ಯುಗಾದಿ ಕಳೆದು ಬಿಸಿಲು ಏರಿತೆಂದರೆ ಪಿಕಪ್ ಗಾಡಿ ಇಟ್ಟುಕೊಂಡವರ ಕಣ್ಣು ಅರ್ಧ ರಸ್ತೆಯ ಮೇಲೆ, ಅರ್ಧ ಟೆಂಪರೇಚರ್ ಮುಳ್ಳಿನ ಮೇಲೆ. ಮುಳ್ಳು ಕೂದಲೆಳೆಯಷ್ಟು ಮೇಲೆ ಹೋದರೂ ಗಾಡಿ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತುವವರಿದ್ದಾರೆ. ಕೆಂಪು ಗೆರೆ ಮುಟ್ಟಿದರೂ ‘ಇನ್ನೇನ್ ದಿಂಬಂ ಬಂದ್ಬುಡ್ತದ, ನಡೀಲಿ’ ಎಂದು ಆಕ್ಸಿಲರೇಟರ್ ತುಳಿಯುವವರೂ ಇದ್ದಾರೆ. ಮೊದಲಿನವರಿಗೆ ಹೊತ್ತು ದಂಡ, ಮಾರುಕಟ್ಟೆ ತಪ್ಪುತ್ತದೆ. ಎರಡನೆಯವರಿಗೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಹೆಡ್ ಸೊಟ್ಟಗಾಗಿ, ರಿಪೇರಿಯ ಜೊತೆಗೆ ಸಾಲದ ಕಂತೂ ತಪ್ಪುತ್ತದೆ. ಇವರಿಬ್ಬರಿಗಿಂತ ಹೆಚ್ಚು ಅಪಾಯದಲ್ಲಿರುವವನು ಮೂರನೆಯವನು. ಮುಳ್ಳು ನಡುಮಧ್ಯದಲ್ಲೇ ನಿಂತಿದೆ, ಆದ್ದರಿಂದ ಗಾಡಿ ತಣ್ಣಗಿದೆ ಎಂದು ನಂಬಿ ತುಂಬಿದ ಲೋಡಿನೊಂದಿಗೆ ಘಾಟಿ ಇಳಿಯುವವನು ಅವನು.

ನಾನು ತಾಳವಾಡಿ ಕಡೆಯ ರೈತ. ಕೋಸು, ಟೊಮೆಟೊ, ಅರಿಶಿನ ಬೆಳೆಯುವ ಮನೆ. ಬೆಳೆದದ್ದನ್ನು ಸಾಗಿಸಲು ಒಂದು ಪಿಕಪ್. ನಮ್ಮ ಬೆಳೆ ಸತ್ಯಮಂಗಲ, ಈರೋಡು, ಕೊಯಮತ್ತೂರು ಸೇರಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಲೇಬೇಕು. ತಮಿಳಿನವರು ಇವಕ್ಕೆ ‘ಕೊಂಡೈ ಊಸಿ ವಳೈವು’ ಅನ್ನುತ್ತಾರೆ, ತುರುಬಿನ ಪಿನ್ನಿನಂತೆ ಬಾಗಿದ ತಿರುವು. ತರಕಾರಿ ಇಳಿಯುತ್ತದೆ, ಗೊಬ್ಬರ, ಸಿಮೆಂಟು, ಹಿಂಡಿ, ಕಿರಾಣಿ ಸಾಮಾನು ಏರುತ್ತದೆ. ಮೊದಲೆಲ್ಲ ರಾತ್ರಿಯ ತಂಪಿನಲ್ಲಿ ಘಾಟಿ ದಾಟುವ ರೂಢಿ ಇತ್ತು. ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಈ ದಾರಿಯಲ್ಲಿ 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದ ಮೇಲೆ ಹಗಲಿನ ಓಡಾಟ ಹೆಚ್ಚಿತು. ಅದು ಕಾಡುಪ್ರಾಣಿಗಳ ಜೀವದ ಪ್ರಶ್ನೆ, ಅದರ ನ್ಯಾಯ ಅನ್ಯಾಯದ ಮಾತು ಇಲ್ಲಿ ಬೇಡ. ಗಾಡಿಯ ಮಟ್ಟಿಗೆ ಹೇಳುವುದಾದರೆ, ರಾತ್ರಿಯ ತಂಪಿನಲ್ಲಿ ಏರುತ್ತಿದ್ದ ಅದೇ ಎಂಜಿನ್ ಈಗ ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಬಣ್ಣಾರಿ ಬಿಡುತ್ತದೆ.

ಗಾಡಿಯ ಜೊತೆ ಕೊಡುವ ಪುಸ್ತಕ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮ ಮೆಕ್ಯಾನಿಕ್ ಹೇಳುವುದು ತಮಿಳಿನಲ್ಲಿ. ಜತ್ತ, ಅಕ್ಕಲಕೋಟೆಯವರಿಗೆ ಅದೇ ಮಾತು ಮರಾಠಿಯಲ್ಲಿ, ಆದೋನಿಯವರಿಗೆ ತೆಲುಗಿನಲ್ಲಿ. ಕಿವಿಯಿಂದ ಕಿವಿಗೆ ಹೋಗುವಾಗ ಡಿಗ್ರಿಯ ಲೆಕ್ಕ ಉದುರಿ ಹೋಗಿ ‘ಕಾಯ್ತದ, ಕಾಯಲ್ಲ’ ಎಂಬಷ್ಟೇ ಉಳಿಯುತ್ತದೆ. ಆ ಉದುರಿದ ಡಿಗ್ರಿಗಳನ್ನು ಆರಿಸಿ ಇಲ್ಲಿ ಇಡುತ್ತಿದ್ದೇನೆ.

ಮುಳ್ಳಿಗೆ ಗೊತ್ತಿರುವುದು ಒಂದೇ

ಪಿಕಪ್ಪಿನೊಳಗೆ ಕಾಯುವ ದ್ರವಗಳು ಐದು: ರೇಡಿಯೇಟರಿನ ಕೂಲಂಟ್, ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಮತ್ತು ಹಿಂದಿನ ಹೌಸಿಂಗಿನ ಆಯಿಲ್, ಪವರ್ ಸ್ಟೀರಿಂಗ್ ಇದ್ದರೆ ಅದರ ಆಯಿಲ್, ಕೊನೆಗೆ ಬ್ರೇಕ್ ಆಯಿಲ್. ನಮ್ಮ ಡ್ಯಾಶ್‌ಬೋರ್ಡಿನ ಮುಳ್ಳು ಹೇಳುವುದು ಮೊದಲನೆಯದರ ಬಿಸಿಯನ್ನು ಮಾತ್ರ. ಉಳಿದ ನಾಲ್ಕಕ್ಕೆ ಮುಳ್ಳಿಲ್ಲ.

ಕೂಲಂಟ್ ಕಾಯುವುದು ರೋಗವಲ್ಲ, ಅದು ಕಾಯಲೇಬೇಕು. ಎಂಜಿನ್ನಿನ ಬಾಯಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ವಾಲ್ವ್ ಇದೆ. ಸುಮಾರು 80ರಿಂದ 88 ಡಿಗ್ರಿವರೆಗೆ ಅದು ಮುಚ್ಚಿಕೊಂಡು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ; ಆಮೇಲೆ ನಿಧಾನವಾಗಿ ತೆರೆದು 95ರ ಹೊತ್ತಿಗೆ ಪೂರ್ತಿ ಬಾಯಿ ಬಿಡುತ್ತದೆ. ಆದ್ದರಿಂದ 85ರಿಂದ 100 ಡಿಗ್ರಿವರೆಗಿನ ಬಿಸಿ ಡೀಸೆಲ್ ಪಿಕಪ್ಪಿಗೆ ಸಹಜ. ಬೇಸಿಗೆಯ ಮಧ್ಯಾಹ್ನ ಲೋಡ್ ಹಾಕಿ ಘಾಟಿ ಏರುವಾಗ 105ರವರೆಗೆ ಹೋಗಿ, ಸಪಾಟು ರಸ್ತೆ ಸಿಕ್ಕಿದ ಮೇಲೆ ಇಳಿದರೆ ಗಾಬರಿ ಬೇಡ. 110 ಮುಟ್ಟಿತೋ, ವೇಗ ಇಳಿಸಿ. 115 ದಾಟಿತೋ, ಮುಂದೆ ಹೋಗುವ ಯೋಚನೆ ಬಿಟ್ಟುಬಿಡಿ. ಒಂದೊಂದು ಗಾಡಿಗೆ ನಾಲ್ಕೈದು ಡಿಗ್ರಿ ಅತ್ತಿತ್ತ ಇರುತ್ತದೆ.

‘ಡಿಗ್ರಿ ಎಲ್ಲಿ ಬರೆದದ? ಮುಳ್ಳಲ್ಲಿ ಬರೀ ಸಿ, ಎಚ್ ಅಂತ ಎರಡಕ್ಷರ ಅದ’ ಎಂದು ಕೇಳುವಿರಿ. ಸರಿ. ಅಷ್ಟೇ ಅಲ್ಲ, ಈಚಿನ ಬಹಳಷ್ಟು ಗಾಡಿಗಳಲ್ಲಿ ಈ ಮುಳ್ಳನ್ನು ಗಿರಾಕಿ ಗಾಬರಿಯಾಗದ ಹಾಗೆ ಹೊಂದಿಸಿರುತ್ತಾರೆ. ಒಳಗಿನ ನೀರು 80ರಿಂದ 100ರವರೆಗೆ ಏರಿ ಇಳಿದರೂ ಮುಳ್ಳು ನಡುವೆಯೇ ಕಲ್ಲಿನ ಹಾಗೆ ನಿಂತಿರುತ್ತದೆ. ಅಂಥ ಗಾಡಿಯಲ್ಲಿ ಮುಳ್ಳು ಅಲ್ಲಾಡಿತೆಂದರೆ ಬಿಸಿ ನಿಜವಾಗಿಯೂ ಮಿತಿ ಹತ್ತಿರ ಬಂದಿದೆ ಎಂದೇ ಅರ್ಥ. ಈಗ ಇದಕ್ಕೊಂದು ಉಪಾಯ ಇದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಉಪಕರಣ ಸಿಗುತ್ತದೆ. ಬ್ಲೂಟೂತ್ ಮೂಲಕ ಮೊಬೈಲಿನಲ್ಲಿ ಕೂಲಂಟಿನ ಡಿಗ್ರಿಯನ್ನು ಅಂಕಿಯಲ್ಲೇ ತೋರಿಸುತ್ತದೆ. ಎಲೆಕ್ಟ್ರಾನಿಕ್ ಇಲ್ಲದ ಹಳೇ ಗಾಡಿಗೆ ಇದು ನಡೆಯುವುದಿಲ್ಲ. ನನ್ನ ಗಾಡಿಯಲ್ಲಿ ಊರೊಳಗೆ 87-88 ಇರುತ್ತದೆ, ಗೊಬ್ಬರದ ಲೋಡಿನಲ್ಲಿ ಅರ್ಧ ಘಾಟಿಗೆ 98, ಮೇಲಿನ ತಿರುವುಗಳಲ್ಲಿ 103. ದಿಂಬಂ ದಾಟಿ ಹಾಸನೂರಿನ ಕಡೆ ತಿರುಗಿದ ಸ್ವಲ್ಪ ಹೊತ್ತಿಗೆ ಮತ್ತೆ 90. ನಿಮ್ಮ ಗಾಡಿಯದೂ ಹೀಗೆ ಒಂದು ವಾರ ಬರೆದಿಟ್ಟುಕೊಂಡರೆ ಅದರ ಸಹಜ ಯಾವುದು ಎಂದು ತಿಳಿಯುತ್ತದೆ. ಮುಂದಿನ ತಿಂಗಳು ಅದೇ ಲೋಡು, ಅದೇ ತಿರುವು, ಅದೇ ಹೊತ್ತಿನಲ್ಲಿ 109 ತೋರಿಸಿದರೆ ಎಲ್ಲೋ ಏನೋ ಕಟ್ಟಿಕೊಂಡಿದೆ.

ಬೇಸಿಗೆಯಲ್ಲಿ ಏಕೆ ಹೆಚ್ಚು ಕಾಯುತ್ತದೆ? ರೇಡಿಯೇಟರ್ ಬಿಸಿ ಬಿಡುವುದು ನೀರಿಗೂ ಗಾಳಿಗೂ ಇರುವ ವ್ಯತ್ಯಾಸದಿಂದ. ನೀರು 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ವ್ಯತ್ಯಾಸ 70. ಅದೇ ಗಾಳಿ ಸೊಲ್ಲಾಪುರದ ಮೇ ತಿಂಗಳಿನಂತೆ 43 ಆದರೆ ವ್ಯತ್ಯಾಸ 52ಕ್ಕೆ ಬಿತ್ತು. ಗಾಡಿ ಅದೇ, ರೇಡಿಯೇಟರ್ ಅದೇ. ತಣಿಸುವ ಶಕ್ತಿಯಲ್ಲಿ ಕಾಲು ಭಾಗ ಹೋಯಿತು. ಅದಕ್ಕೆ ಸರಿಯಾಗಿ ಮುಂದುಗಡೆ ಎ.ಸಿ.ಯ ಜಾಲರಿಯೂ ಇದ್ದರೆ ಅದರ ಬಿಸಿಯನ್ನೂ ದಾಟಿ ಬಂದ ಗಾಳಿ ಒಳಗೆ ಬರುತ್ತದೆ. ಘಾಟಿ ಏರುವಾಗ ಎ.ಸಿ. ಆರಿಸಿ ಎನ್ನುವುದು ಡೀಸೆಲ್ ಉಳಿಸುವುದಕ್ಕೆ ಮಾತ್ರವಲ್ಲ.

ಜತ್ತ, ಅಕ್ಕಲಕೋಟೆ, ಆದೋನಿ ಕಡೆಯವರಿಗೆ ಘಾಟಿ ಇಲ್ಲ, ಆದರೆ ಧೂಳು ಇದೆ. ದಾಳಿಂಬೆ, ದ್ರಾಕ್ಷಿ ತುಂಬಿಕೊಂಡು ಹೊಲದ ಕಚ್ಚಾ ರಸ್ತೆಯಿಂದ ಹೈವೇಗೆ ಬರುವ ಗಾಡಿಯ ರೇಡಿಯೇಟರ್ ಸಂದಿಯಲ್ಲಿ ಮಣ್ಣು, ಹುಲ್ಲಿನ ಬೀಜ, ಕಬ್ಬಿನ ರವದಿ, ಸತ್ತ ಹುಳು ಸೇರಿ ಕಂಬಳಿ ಹೊದಿಸಿದಂತಾಗುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಎ.ಸಿ. ಜಾಲರಿಗೂ ರೇಡಿಯೇಟರಿಗೂ ನಡುವೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಪೈಪನ್ನು ಹತ್ತಿರ ಹಿಡಿದರೆ ಅಲ್ಯೂಮಿನಿಯಂ ಎಲೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಕುಕ್ಕರಿನ ಲೆಕ್ಕ

ಕೂಲಂಟ್ 105 ಡಿಗ್ರಿಗೆ ಹೋದರೂ ಕುದಿಯುವುದಿಲ್ಲ ಏಕೆ? ರೇಡಿಯೇಟರ್ ಎಂದರೆ ಮನೆಯ ಪ್ರೆಶರ್ ಕುಕ್ಕರ್ ಇದ್ದ ಹಾಗೆ, ಅದರ ಮುಚ್ಚಳವೇ ವೆಯಿಟ್. ಬರೀ ನೀರು ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಸಾವಿರ ಮೀಟರಿಗೂ ಮೇಲಿರುವ ದಿಂಬಂನಲ್ಲಿ ತೆರೆದ ಪಾತ್ರೆಯ ನೀರು 96-97ಕ್ಕೇ ಕುದಿಯುತ್ತದೆ. ಗಾಡಿಯ ಮುಚ್ಚಳ ಒಳಗೆ ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರೂ 118ರವರೆಗೆ ತಡೆಯುತ್ತದೆ. ಅರ್ಧ ನೀರು, ಅರ್ಧ ಕೂಲಂಟ್ ಆದರೆ 125ರ ಆಚೆಗೂ ತಡೆಯುತ್ತದೆ.

ಈಗ ಆ ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿದೆ, ರಬ್ಬರ್ ಸೀಳಿದೆ ಎಂದುಕೊಳ್ಳಿ. ಒತ್ತಡ ನಿಲ್ಲುವುದಿಲ್ಲ. 97 ಡಿಗ್ರಿ ಎಂಜಿನ್ನಿಗೆ ಸಹಜವಾದ ಬಿಸಿ. ಆದರೆ ಬರೀ ನೀರು ತುಂಬಿದ ಆ ಗಾಡಿ ಘಾಟಿಯ ತುದಿಯಲ್ಲಿ ಆ ಬಿಸಿಗೇ ಉಕ್ಕುತ್ತದೆ. ‘ಎಂಜಿನ್ ಹೋಯ್ತು’ ಎಂದು ಗ್ಯಾರೇಜಿಗೆ ಎಳೆದುಕೊಂಡು ಬಂದ ಎಷ್ಟೋ ಗಾಡಿಯಲ್ಲಿ ಹೋಗಿರುವುದು ಈ ಮುಚ್ಚಳ. ಬೆಳಿಗ್ಗೆ ತಣ್ಣಗಿರುವಾಗ ಬಿಚ್ಚಿ ರಬ್ಬರ್ ನೋಡಿ. ಗಾಡಿ ಆರಿದ ಮೇಲೆ ಮೇಲಿನ ಹೋಸ್ ಪೈಪ್ ಒಳಕ್ಕೆ ಚಪ್ಪಟೆಯಾಗಿ ಹೀರಿಕೊಂಡಿದ್ದರೂ ಮುಚ್ಚಳದ ಒಳಗಿನ ಸಣ್ಣ ವಾಲ್ವ್ ಕೆಲಸ ಮಾಡುತ್ತಿಲ್ಲ ಎಂದರ್ಥ.

ನೀರಿನ ಮಾತೂ ಬಂತು. ನಮ್ಮ ಬೋರ್‌ವೆಲ್ ನೀರಿನ ಗುಣ ಮನೆಯ ಹಂಡೆ ನೋಡಿದರೇ ತಿಳಿಯುತ್ತದೆ, ತಳದಲ್ಲಿ ಬಿಳಿಯ ಪಟ್ಟು ಕಟ್ಟಿರುತ್ತದೆ. ಅದೇ ಪಟ್ಟು ಎಂಜಿನ್ನಿನ ಒಳಗೂ ರೇಡಿಯೇಟರಿನ ಸಣ್ಣ ನಳಿಕೆಯಲ್ಲೂ ಕಟ್ಟುತ್ತದೆ. ದಾರಿಯಲ್ಲಿ ನೀರು ಖಾಲಿಯಾದಾಗ ಸಿಕ್ಕಿದ ಶುದ್ಧ ನೀರು ಹಾಕಿ ಊರು ಸೇರುವುದು ತಪ್ಪಲ್ಲ, ಆದರೆ ಸೇರಿದ ಮೇಲೆ ಅದನ್ನು ತೆಗೆಸಿ, ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಹಾಕಿಸಬೇಕು. ಹಸಿರು, ಗುಲಾಬಿ ಎಂದು ಬಣ್ಣ ನೋಡಿ ಬೆರೆಸುವುದು ಬೇಡ, ಗಾಡಿಯ ಪುಸ್ತಕದಲ್ಲಿ ಹೇಳಿದ್ದೇ ಹಾಕಿ. ಕೂಲಂಟ್ ಕುದಿತದ ಮಟ್ಟ ಏರಿಸುವುದಲ್ಲದೆ ಒಳಗೆ ತುಕ್ಕು ಹಿಡಿಯದಂತೆಯೂ ಕಾಯುತ್ತದೆ.

ಇನ್ನೊಂದು ರೂಢಿ ಮೂರೂ ಭಾಷೆಯ ಗ್ಯಾರೇಜುಗಳಲ್ಲಿ ಉಂಟು: ‘ಬೇಸ್ಗೇಲಿ ವಾಲ್ವ್ ಕಿತ್ತಾಕ್ಬುಡಣ್ಣ, ಗಾಡಿ ಕಾಯದೇ ಇಲ್ಲ.’ ಥರ್ಮೋಸ್ಟಾಟ್ ತೆಗೆದರೆ ಮುಳ್ಳು ಕೆಳಗಿಳಿಯುವುದು ನಿಜ. ಆದರೆ ಎಂಜಿನ್ 65-70 ಡಿಗ್ರಿಯಲ್ಲಿ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್ನಿನಲ್ಲಿ ಈ ವಾಲ್ವ್ ತೆರೆದಾಗಲೇ ಅಡ್ಡದಾರಿಯ ನಳಿಕೆ ಮುಚ್ಚುವ ಏರ್ಪಾಡು ಇರುತ್ತದೆ. ವಾಲ್ವ್ ಇಲ್ಲದಿದ್ದರೆ ಅಡ್ಡದಾರಿ ಸದಾ ತೆರೆದು, ಬಿಸಿ ನೀರು ರೇಡಿಯೇಟರಿಗೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ. ಘಾಟಿಯಲ್ಲಿ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ, ತೆಗೆಸಬೇಡಿ.

ಏರುವಾಗ ಮುಳ್ಳು ಮೇಲೆ ಹೋಗುತ್ತಿದೆ ಎಂದರೆ ಮೊದಲು ಎ.ಸಿ. ಆರಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಸೆಖೆ ತಡೆದುಕೊಳ್ಳಬೇಕು, ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ಒಂದು ಗೇರ್ ಇಳಿಸಿ, ಆಕ್ಸಿಲರೇಟರ್ ಹಗುರ ಮಾಡಿ. ಎಂಜಿನ್ ಚುರುಕಾಗಿ ತಿರುಗಿದರೆ ನೀರಿನ ಪಂಪೂ ಬೆಲ್ಟಿನ ಫ್ಯಾನೂ ಚುರುಕಾಗುತ್ತವೆ. ಇಳಿಯದಿದ್ದರೆ ಅಗಲ ಜಾಗ ನೋಡಿ ನಿಲ್ಲಿಸಿ ಐಡ್ಲಿಂಗಿನಲ್ಲಿ ಬಿಡಿ. ಹಬೆ ಬರುತ್ತಿದ್ದರೆ, ನೀರು ಸೋರುತ್ತಿದ್ದರೆ ಕೂಡಲೇ ಆರಿಸಿ. ಹಬೆ ಎದ್ದಿರುವಾಗಲೇ ಮುಳ್ಳು ಥಟ್ಟನೆ ತಣ್ಣಗಿನ ಕಡೆಗೆ ಬಿದ್ದರೆ ಒಳ್ಳೆಯದಾಯಿತು ಎಂದುಕೊಳ್ಳಬೇಡಿ. ನೀರು ಖಾಲಿಯಾಗಿ ಸೆನ್ಸರ್ ಬರೀ ಹಬೆಯಲ್ಲಿ ನಿಂತಿರುವಾಗ ಹಾಗೆ ಆಗುತ್ತದೆ. ಮುಚ್ಚಳವನ್ನು ಅರ್ಧ ಗಂಟೆಯಾದರೂ ಮುಟ್ಟಬೇಡಿ. ಕುಕ್ಕರ್ ವೆಯಿಟ್ ಎತ್ತಿದರೆ ಏನಾಗುತ್ತದೋ ಅದೇ ಮುಖಕ್ಕೆ ಬರುತ್ತದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಎರಚಿದರೆ ಹೆಡ್ ಬಿರುಕು ಬಿಡುತ್ತದೆ. ಇನ್ನೊಂದು ಮಾತು ನಮ್ಮ ಕಡೆಯವರಿಗೆ ಮಾತ್ರ: ಅದು ಆನೆ ಓಡಾಡುವ ಕಾಡು. ನೀರು ಹುಡುಕಿಕೊಂಡು ಹಳ್ಳಕ್ಕೆ ಇಳಿಯಬೇಡಿ, ಐದು ಲೀಟರಿನ ಕ್ಯಾನ್ ಗಾಡಿಯಲ್ಲೇ ಇರಲಿ.

ಮುಳ್ಳಿಲ್ಲದ ಎಣ್ಣೆಗಳು

ಎಂಜಿನ್ ಆಯಿಲ್ ನೀರಿಗಿಂತ ತಡವಾಗಿ ಕಾಯುತ್ತದೆ, ತಡವಾಗಿ ಆರುತ್ತದೆ. ಮುಳ್ಳು ನಡುವಿಗೆ ಬಂದ ಮೇಲೂ ಆಯಿಲ್ ಹದಕ್ಕೆ ಬರಲು ಇನ್ನೊಂದಷ್ಟು ಕಿಲೋಮೀಟರ್ ಬೇಕು. ಅದರ ಸಹಜ ಬಿಸಿ 90ರಿಂದ 110; ಲೋಡಿನ ಏರಿನಲ್ಲಿ 120ರ ಹತ್ತಿರ ಹೋಗಬಹುದು. 130ರ ಮೇಲೆ ಬಹಳ ಹೊತ್ತು ಇದ್ದರೆ ಆಯಿಲ್ ಆಯುಸ್ಸು ಕರಗುತ್ತದೆ. ಹತ್ತು ಡಿಗ್ರಿ ಏರಿದಂತೆಲ್ಲ ಆಯಿಲ್ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಎಣ್ಣೆ ಬಲ್ಲವರ ಲೆಕ್ಕ. ಡಬ್ಬಿಯ ಮೇಲೆ ‘15ಡಬ್ಲ್ಯೂ-40’ ಎಂದು ಬರೆದಿರುತ್ತದಲ್ಲ, ಅದರ ಕೊನೆಯ 40 ಎಂಬುದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಇರುತ್ತದೆ ಎಂಬುದರ ಗುರುತು. ಅಂದರೆ ಕಂಪನಿಯವರೇ 100 ಡಿಗ್ರಿಯನ್ನು ಎಂಜಿನ್ನಿನ ದಿನನಿತ್ಯದ ಬಿಸಿ ಎಂದು ಲೆಕ್ಕ ಹಿಡಿದಿದ್ದಾರೆ.

ಮುಳ್ಳಿಲ್ಲದ್ದಕ್ಕೆ ಕಡ್ಡಿಯೇ ಮುಳ್ಳು. ಮಟ್ಟ ಕಡಿಮೆ ಇದ್ದರೆ ಅದೇ ಬಿಸಿಯನ್ನು ಕಡಿಮೆ ಆಯಿಲ್ ಹೊರಬೇಕು. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಾಗುವುದು ಸಹಜ, ಅದಕ್ಕೆ ಹೆದರಬೇಡಿ. ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಮಾತ್ರ ನೀರು ಸೇರಿದೆ, ಗಾಡಿ ಹೊರಡಿಸಬೇಡಿ. ಟರ್ಬೊ ಇರುವ ಗಾಡಿಯಾದರೆ ಘಾಟಿ ಏರಿದ ಕೂಡಲೇ ಟೀ ಅಂಗಡಿ ಮುಂದೆ ಕೀ ತಿರುಗಿಸಬಾರದು. ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟರೆ ಟರ್ಬೊ ಒಳಗೆ ನಿಂತ ಆಯಿಲ್ ಸೀದು ಕರಕಾಗುವುದಿಲ್ಲ.

ಗೇರ್‌ಬಾಕ್ಸ್ ಮತ್ತು ಹೌಸಿಂಗ್ ಆಯಿಲ್ 80ರಿಂದ 110ರವರೆಗೆ ಕಾಯುವುದು ಮಾಮೂಲು. ಇದನ್ನು ನೋಡುವವರೇ ಇಲ್ಲ. ಸೀಲಿನಲ್ಲಿ ಹನಿ ಸೋರಿ ವರ್ಷದಲ್ಲಿ ಅರ್ಧ ಖಾಲಿಯಾಗಿರುತ್ತದೆ. ಹೌಸಿಂಗ್ ಮೇಲಿನ ಉಸಿರು ನಳಿಕೆಗೆ ಕೆಸರು ಮೆತ್ತಿ, ಕಾದ ಗಾಳಿ ಹೊರಹೋಗಲಾರದೆ ಸೀಲನ್ನೇ ತಳ್ಳಿರುತ್ತದೆ. ಬಿಸಿ ಅಳೆಯುವ ಗನ್ ಇದ್ದರೆ ದೂರದಿಂದಲೇ ನೋಡಬಹುದು. ಆದರೆ 2020ರ ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ತರಬೇಡಿ. ಅದು ಮನುಷ್ಯರ ಜ್ವರಕ್ಕೆ ಮಾಡಿದ್ದು, 42-43 ದಾಟಿದರೆ ಅದಕ್ಕೆ ದಿಕ್ಕು ತಪ್ಪುತ್ತದೆ. 300 ಡಿಗ್ರಿ ಮೇಲೆ ಅಳೆಯುವ, ವರ್ಕ್‌ಶಾಪಿನವರು ಬಳಸುವ ಗನ್ ಬೇರೆ ಇದೆ. ಅದನ್ನೂ ಹೊಳೆಯುವ ಲೋಹಕ್ಕೆ ಹಿಡಿದರೆ ಕಡಿಮೆ ತೋರಿಸುತ್ತದೆ. ಮಣ್ಣು ಹಿಡಿದ ಅಥವಾ ಕಪ್ಪು ಬಣ್ಣದ ಜಾಗಕ್ಕೆ ಹಿಡಿಯಿರಿ. ಗನ್ ಇಲ್ಲವೆ, ನಾಲ್ಕು ಹನಿ ನೀರು ಚಿಮುಕಿಸಿ. ಒದ್ದೆಯಾಗಿ ನಿಧಾನ ಆರಿದರೆ ಸರಿ, ಚುರ್ ಎಂದು ಹಾರಿದರೆ 100 ದಾಟಿದೆ. ಒಂದು ಕಡೆಯ ಚಕ್ರದ ಹತ್ತಿರ ಮಾತ್ರ ಹೀಗಾದರೆ ಬೇರಿಂಗೋ ಅಂಟಿಕೊಂಡ ಬ್ರೇಕೋ ನೋಡಿಸಬೇಕು. ಸ್ಟೀರಿಂಗ್ ಆಯಿಲ್ ವಿಷಯ ಚಿಕ್ಕದು: ತಿರುವಿನಲ್ಲಿ ಸ್ಟೀರಿಂಗನ್ನು ಪೂರ್ತಿ ಕೊನೆಗೆ ತಿರುಗಿಸಿ ಹಾಗೇ ಅದುಮಿ ಹಿಡಿಯಬೇಡಿ, ಅಷ್ಟು ಸಾಕು.

ಇಳಿಯುವಾಗಿನ ಬಿಸಿ

ಇನ್ನು ಬ್ರೇಕ್ ಆಯಿಲ್. ನನ್ನ ಲೆಕ್ಕದಲ್ಲಿ ಮೇಲಿನ ನಾಲ್ಕು ಸೇರಿದರೂ ಇದರ ಸಮ ಅಲ್ಲ. ಅವು ಕೆಟ್ಟರೆ ಗಾಡಿ ನಿಲ್ಲುತ್ತದೆ, ಇದು ಕೆಟ್ಟರೆ ಗಾಡಿ ನಿಲ್ಲುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಪಕ್ಕದೂರಿನ ಹುಡುಗನೊಬ್ಬ ಏಪ್ರಿಲ್ ಮಧ್ಯಾಹ್ನ ಕೋಸು ತುಂಬಿಕೊಂಡು ಇಳಿಯುತ್ತಿದ್ದ. ಬಣ್ಣಾರಿ ಇನ್ನು ಆರೇಳು ತಿರುವು ಇರುವಾಗ ಪೆಡಲ್ ಸೀದಾ ಕೆಳಕ್ಕೆ ಹೋಯಿತು. ಎರಡನೇ ಗೇರಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ ಹೇಗೋ ನಿಲ್ಲಿಸಿದ. ಕ್ರೇಟು ಹೋದರೂ ಜೀವ ಉಳಿಯಿತು. ನಾನು ನೋಡಲು ಹೋದಾಗ ಅವನು ಹೇಳಿದ ಮೊದಲ ಮಾತು: ‘ಮುಳ್ಳು ನೋಡ್ದೆ ಕಣಣ್ಣ, ಮಧ್ಯಕ್ಕಿಂತ ಕೆಳಗೇ ಇತ್ತು. ಗಾಡಿ ಕಾದೇ ಇರ್ನಿಲ್ಲ.’

ಅವನು ಹೇಳಿದ್ದು ಸುಳ್ಳಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ನಿಗೆ ಡೀಸೆಲ್ ಹೋಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಆದ್ದರಿಂದ ಕೂಲಂಟ್ ತಣ್ಣಗಾಗುತ್ತಾ ಹೋಗುತ್ತದೆ. ಮುಳ್ಳು ಅತಿ ತಣ್ಣಗೆ ತೋರಿಸುವ ಆ ಹೊತ್ತಿನಲ್ಲೇ ಚಕ್ರದ ಹತ್ತಿರ ಬಿಸಿ ಅತಿ ಹೆಚ್ಚು.

ಎಷ್ಟು ಹೆಚ್ಚು? ಗಾಡಿ, ಲೋಡು ಸೇರಿ ಮೂರು ಟನ್, ಇಳಿಯುವ ಎತ್ತರ 700 ಮೀಟರ್ ಎಂದು ಹಿಡಿಯಿರಿ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಹುಟ್ಟುವ ಶಕ್ತಿ ಎಲ್ಲಿಗಾದರೂ ಹೋಗಬೇಕು. ಅದೆಲ್ಲ ಬಿಸಿಯಾದರೆ 70 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಬಹುದು. ಸೌದೆ ಒಲೆಯ ಮೇಲೆ ದೊಡ್ಡ ಹಂಡೆ ನೀರು ಕಾಯಿಸುವಷ್ಟು ಬೆಂಕಿ ಅದು. ಅರ್ಧ ಮುಕ್ಕಾಲು ಗಂಟೆಯೊಳಗೆ ಆ ಬೆಂಕಿಯನ್ನೆಲ್ಲ ಎಂಜಿನ್ ಹಿಡಿಯಬೇಕು, ಇಲ್ಲವೇ ನಾಲ್ಕು ಚಕ್ರದ ಬ್ರೇಕ್ ಹೊರಬೇಕು. ಗೇರಿನಲ್ಲಿ ಇಳಿಸಿದರೆ ದೊಡ್ಡ ಪಾಲು ಎಂಜಿನ್ ಹಿಡಿಯುತ್ತದೆ. ಡೀಸೆಲ್ ಉಳಿಸುತ್ತೇನೆಂದು ನ್ಯೂಟ್ರಲ್ ಹಾಕಿದರೆ ಹಂಡೆಯ ಬೆಂಕಿಯೆಲ್ಲ ಬ್ರೇಕಿನ ಮೇಲೆ. ಡಿಸ್ಕು, ಡ್ರಮ್ಮು 300 ಡಿಗ್ರಿ ಮುಟ್ಟುವುದು ಕಷ್ಟವೇನಲ್ಲ. ಎಂಜಿನ್ನನ್ನೇ ಆರಿಸಿ ಇಳಿಸುವವರ ಬಗ್ಗೆ ಏನು ಹೇಳುವುದು! ಬ್ರೇಕಿಗೆ ಬಲ ಕೊಡುವ ಬೂಸ್ಟರೂ ಪವರ್ ಸ್ಟೀರಿಂಗೂ ಒಟ್ಟಿಗೆ ಕೈಬಿಡುತ್ತವೆ.

ಆ ಬಿಸಿ ಪಿಸ್ಟನ್ ಮೂಲಕ ಬ್ರೇಕ್ ಆಯಿಲಿಗೆ ಇಳಿಯುತ್ತದೆ. ಹೊಸ ಡಾಟ್-3 ಆಯಿಲ್ 205 ಡಿಗ್ರಿವರೆಗೂ, ಡಾಟ್-4 ಆಯಿಲ್ 230ರವರೆಗೂ ಕುದಿಯಬಾರದು ಎಂಬುದು ನಿಯಮ. ಆದರೆ ಈ ಆಯಿಲಿಗೆ ಒಂದು ಸ್ವಭಾವ ಇದೆ, ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ನೂರಕ್ಕೆ ಮೂರೂವರೆ ನಾಲ್ಕು ಭಾಗ ನೀರು ಸೇರಿತೆಂದರೆ ಡಾಟ್-3ರ ಮಟ್ಟ 140ಕ್ಕೂ ಡಾಟ್-4ರದು 155ಕ್ಕೂ ಇಳಿಯಬಹುದು. ಹೊಸದಿದ್ದಾಗ ಘಾಟಿ ಇಳಿದ ಆಯಿಲ್ ನಾಲ್ಕು ವರ್ಷದ ಮೇಲೆ ಅದೇ ಘಾಟಿಯಲ್ಲಿ ಕುದಿಯುತ್ತದೆ. ದ್ರವವನ್ನು ಅದುಮಲು ಆಗುವುದಿಲ್ಲ, ಆದ್ದರಿಂದಲೇ ಪೆಡಲಿನ ಒತ್ತು ಚಕ್ರಕ್ಕೆ ಮುಟ್ಟುವುದು. ಕುದಿದು ಹಬೆಯ ಗುಳ್ಳೆ ಎದ್ದರೆ ಗುಳ್ಳೆ ಅದುಮಿಕೊಳ್ಳುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ.

ಇದರ ಮೋಸ ಇನ್ನೊಂದಿದೆ. ಅರ್ಧ ಗಂಟೆ ಆರಿದ ಮೇಲೆ ಗುಳ್ಳೆ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ಕೆಳಗಿನಿಂದ ಮೆಕ್ಯಾನಿಕ್ ಬಂದು ತುಳಿದು ನೋಡಿ ‘ಬ್ರೇಕ್ ನಲ್ಲಾ ತಾನೇ ಇರುಕ್ಕು’ ಎಂದು ಹೋಗುತ್ತಾನೆ. ಹುಡುಗನ ಗಾಡಿಯಲ್ಲೂ ಹೀಗೇ ಆಯಿತು. ಅವನು ನಿದ್ದೆಗಣ್ಣಲ್ಲಿದ್ದ ಎಂದು ಊರವರು ಮಾತಾಡಿದರು. ಡಬ್ಬಿಯ ಮುಚ್ಚಳ ತೆಗೆಸಿ ನೋಡಿದರೆ ಜೇನಿನ ಬಣ್ಣ ಇರಬೇಕಾದ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಗಾಡಿ ತಂದ ಮೇಲೆ ಒಂದು ಸಾರಿಯೂ ಬದಲಿಸಿರಲಿಲ್ಲ. ಸರ್ವಿಸ್ ಮಾಡಿದವರು ಬಿಲ್ಲಿನಲ್ಲಿ ‘ಬ್ರೇಕ್ ಚೆಕ್’ ಎಂದು ಬರೆದದ್ದು ಮಾತ್ರ ಪ್ರತಿ ಸಲವೂ ಇತ್ತು.

ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋದರೆ ಆಯಿಲ್ ಕುದಿದಿದೆ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ಹಿಡಿಯದಿದ್ದರೆ, ಸುಟ್ಟ ವಾಸನೆಯೂ ಬಂದರೆ, ಕಾದಿರುವುದು ಲೈನಿಂಗ್. ಎರಡಕ್ಕೂ ಸದ್ಯದ ಮದ್ದು ಒಂದೇ: ಗೇರ್ ಇಳಿಸುವುದು, ಪೆಡಲನ್ನು ಬಿಟ್ಟು ಬಿಟ್ಟು ತುಳಿಯುವುದು, ಹ್ಯಾಂಡ್‌ಬ್ರೇಕನ್ನು ಹಂತ ಹಂತವಾಗಿ ಎಳೆಯುವುದು. ಹ್ಯಾಂಡ್‌ಬ್ರೇಕ್ ಕೇಬಲಿನ ಮೇಲೆ ನಡೆಯುವಂಥದ್ದು, ಆಯಿಲ್ ಕುದಿದರೂ ಅದಕ್ಕೆ ಬಾಧೆಯಿಲ್ಲ. ಅದನ್ನು ಸರಿಯಾಗಿ ಇಟ್ಟುಕೊಂಡಿರಬೇಕು ಅಷ್ಟೆ. ನಿಲ್ಲಿಸಿದ ಮೇಲೆ ಕಾದ ಡ್ರಮ್ಮಿಗೆ ನೀರು ಎರಚಬಾರದು.

ಇಳಿಯುವ ಮೊದಲು ದಿಂಬಂನಲ್ಲೇ ಗೇರ್ ನಿಶ್ಚಯ ಮಾಡಿ. ಯಾವ ಗೇರಿನಲ್ಲಿ ಅದೇ ಲೋಡಿನೊಂದಿಗೆ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೇ ಲಾರಿಯವರು ಹೇಳುತ್ತಿದ್ದದ್ದು ಇವತ್ತಿಗೂ ಸರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಒಮ್ಮೆ ಗಟ್ಟಿಯಾಗಿ ತುಳಿದು ವೇಗ ಇಳಿಸಿ, ಪೂರ್ತಿ ಬಿಡಿ. ಬಿಟ್ಟಾಗ ಬ್ರೇಕಿಗೆ ಗಾಳಿ ಸಿಗುತ್ತದೆ. ನೀಲಗಿರಿಯ ಕಲ್ಲಟ್ಟಿಯ 36 ತಿರುವು ಇಳಿಯುವ ಬಡಗ ಬಂಧುಗಳಿಗೆ, ವಯನಾಡಿನಿಂದ ತಾಮರಶ್ಶೇರಿ ಚುರ ಇಳಿಯುವವರಿಗೆ ಇದು ಹೊಸ ಮಾತೇನಲ್ಲ. ಕಲ್ಲಟ್ಟಿಯಲ್ಲಿ ಉರುಳಿದ ಗಾಡಿಗಳಲ್ಲಿ ಹೊರ ಊರಿನವರದೇ ಹೆಚ್ಚು ಎಂಬುದೂ ಅವರಿಗೆ ಗೊತ್ತು.

ಲೋಡಿನ ವಿಷಯ ಹೇಳಿದರೆ ವ್ಯಾಪಾರಿ ಬಂಧುಗಳು ಮುಖ ತಿರುಗಿಸುತ್ತಾರೆ, ಆದರೂ ಹೇಳುತ್ತೇನೆ. ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಹೇರಿದರೆ ಉಳಿಯುವುದು ಒಂದು ಟ್ರಿಪ್ಪಿನ ಬಾಡಿಗೆ. ಇಳಿಯುವಾಗ ಹಂಡೆಗೆ ಸೇರುವುದು ಇನ್ನೊಂದು ಟನ್ನಿನ ಬೆಂಕಿ. ಏರುವಾಗ ಕೂಲಂಟ್ 103 ತೋರಿಸಿದ್ದ ಗಾಡಿ ಅದೇ ತಿರುವಿನಲ್ಲಿ 110 ದಾಟುವುದೂ ಇದರಿಂದಲೇ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ವಾರಕ್ಕೆ ಎರಡು ಮೂರು ಸಲ ಘಾಟಿ ಇಳಿಯುವ ಗಾಡಿಗೆ ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ ಮಾಡಿಸಿದರೆ ಇನ್ನೂ ಒಳ್ಳೆಯದು. ಮೇಲಿನ ಡಬ್ಬಿಗೆ ಸ್ವಲ್ಪ ಸುರಿದು ಮಟ್ಟ ಸರಿಮಾಡುವುದು ಬದಲಿಸಿದ ಹಾಗಲ್ಲ. ಕುದಿಯುವುದು ಚಕ್ರದ ಹತ್ತಿರ ನಿಂತ ಹಳೇ ಆಯಿಲ್. ನಾಲ್ಕೂ ಚಕ್ರದ ನಿಪ್ಪಲ್ ಬಿಚ್ಚಿ ಹೊಸ ಬಣ್ಣ ಬರುವ ತನಕ ತೆಗೆಸಬೇಕು. ಕ್ಲಚ್ಚೂ ಅದೇ ಆಯಿಲಿನಲ್ಲಿ ನಡೆಯುವ ಗಾಡಿಯಾದರೆ ಅದರದ್ದೂ ತೆಗೆಸಿ. ಅಂಗಡಿಯಲ್ಲಿ ಸೀಲ್ ಒಡೆಯದ ಡಬ್ಬಿಯನ್ನೇ ಕೇಳಿ, ನಿಮ್ಮ ಕಣ್ಣೆದುರಿಗೆ ಒಡೆಸಿ. ಗ್ಯಾರೇಜಿನ ಮೂಲೆಯಲ್ಲಿ ಬಾಯಿಗೆ ಬಟ್ಟೆ ತುರುಕಿ ಇಟ್ಟ ಅರ್ಧ ಡಬ್ಬಿ ಕಳೆದ ಮಳೆಗಾಲದ ತೇವವನ್ನೆಲ್ಲ ಆಗಲೇ ಕುಡಿದಿರುತ್ತದೆ. ನಿಮ್ಮ ಡಬ್ಬಿಯಲ್ಲಿ ಉಳಿದದ್ದನ್ನೂ ಮುಂದಿನ ಯುಗಾದಿಗೆ ಎಂದು ಎತ್ತಿಡಬೇಡಿ.